ಕತ್ತಲಲ್ಲಿ ಅರಳದ ಪಾಪೆ

ಕರ್ಕಟಕ ೬, ಬುಧವಾರ

ಮಳೆಗಾಲದಲ್ಲಿ ಕಥಕಳಿಗೆ ರಜೆ. ಆದರೂ ಓಣದ ಆಟದ ನೋಟೀಸಿಗೆ ಫೋಟೋ ಬೇಕೇ ಬೇಕೆಂದು ಕ್ಲಬ್ಬಿನವರು ಹಟ ಹಿಡಿದರು. ಹನ್ನೆರಡು ಗಂಟೆಗೇ ನನ್ನ ಗೆಳೆಯ, ವೇಷಧಾರಿ ಶೂಲಪಾಣಿ, ಬಣ್ಣ ಹಚ್ಚುವ ಚೌಕಿಗೆ ಬಂದು ಚಾಪೆಯ ಮೇಲೆ ಅಂಗಾತ ಮಲಗಿದ. ನಾನು ಅವನ ತಲೆಯ ಹಿಂದೆ ಕೂತು ಚುಟ್ಟಿ ಇಡತೊಡಗಿದೆ. ಅಕ್ಕಿಹಿಟ್ಟು ಸುಣ್ಣ ಕಲಸಿ ದವಡೆಯ ಗುಂಟ ಬಿಳಿ ಅಂಚು ಎಳೆದು ಅದಕ್ಕೆ ಕಾಗದ ಕೂರಿಸಲು ಮೂರು ಗಂಟೆ ಬೇಕು. ಮೂವತ್ತೆಂಟು ವರ್ಷದಿಂದ ಈ ಮನುಷ್ಯನ ಮುಖವನ್ನು ತಲೆಕೆಳಗಾಗಿಯೇ ನೋಡುತ್ತ ಬಂದಿದ್ದೇನೆ. ದಾರಿಯಲ್ಲಿ ನೆಟ್ಟಗೆ ಎದುರಾದರೆ ಒಂದು ಕ್ಷಣ ಗುರುತೇ ಹತ್ತುವುದಿಲ್ಲ.

ಮುಂದಿನ ತಿಂಗಳು, ಚಿಂಗಂನಲ್ಲಿ ಬರುವ ಓಣಕ್ಕೆ ಅವನದು 'ಕತ್ತಿ', ಅಂದರೆ ಅಸುರರಾಜನ ವೇಷ. ಜನ್ಮದಲ್ಲಿ ಮೊದಲ ಸಲ ಆಟದ ಮುಖ್ಯ ಪಾತ್ರ, ಅದೂ ಐವತ್ತೆಂಟಕ್ಕೆ. ಬಂದಾಗಿನಿಂದ ಅದೊಂದೇ ಮಾತು. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಎರಡು ಗಂಟೆಗೆ ಕರೆಂಟು ಹೋಯಿತು. ಹೊರಗೆ ಮೋಡ ಬೇರೆ. ಸಣ್ಣ ದೀಪವೊಂದನ್ನು ಹಚ್ಚಿ ದೂರದಲ್ಲಿಟ್ಟು ಬಗ್ಗಿ ನೋಡಿದೆ. ಬಲಗಣ್ಣಿನ ಪಾಪೆ ಕತ್ತಲಿಗೆ ಅರಳಿ ಮೆಣಸಿನ ಕಾಳಷ್ಟಾಗಿತ್ತು. ಎಡಗಣ್ಣಿನದು ಸಾಸಿವೆಯಷ್ಟೇ ಇತ್ತು. ಎಡ ರೆಪ್ಪೆ ಒಂದು ಕೂದಲೆಳೆ ಇಳಿದಿತ್ತು. ಬಲ ಹುಬ್ಬಿನ ಮೇಲೆ ಬೆವರು ಹನಿಗಟ್ಟಿದೆ, ಎಡದಲ್ಲಿ ಬಣ್ಣ ಒಣಗಿ ಕೂತಿದೆ.

"ಏನೋ ಹಂಗೆ ನೋಡ್ತೀಯ, ಪ್ರೀತಿ ಬಂತಾ?" ಅಂದ ತುಟಿ ಅಲುಗಿಸದೆ.

"ಬಾಯಿ ಮುಚ್ಚು, ಹಿಟ್ಟು ಬಿರುಕು ಬಿಡುತ್ತೆ" ಅಂದೆ.

ಕರೆಂಟು ಬಂತು. ಬೆಳಕಿಗೆ ಬಲಗಣ್ಣಿನದೂ ಕುಗ್ಗಿತು, ಎರಡೂ ಹೆಚ್ಚುಕಡಿಮೆ ಸಮ ಆದವು. ನಾನು ಚುಟ್ಟಿ ಮುಂದುವರಿಸಿದೆ. ಅಫೀಮು ತಿಂದವರ ಪಾಪೆ ಹೀಗೇ ಕುಗ್ಗಿರುತ್ತದೆ. ಮುಖ್ಯ ವೇಷ ಸಿಕ್ಕಿದ ಗತ್ತಿಗೆ ಅಫೀಮಿನ ಗುಳಿಗೆ ಶುರು ಮಾಡಿದ್ದಾನೆ, ಬೇರೇನಿಲ್ಲ. ಹಳೇ ಕಾಲದ ವೇಷಧಾರಿಗಳು ಕೆಲವರು ಅದನ್ನು ನುಂಗಿಯೇ ಚೌಕಿಗೆ ಬರುತ್ತಿದ್ದರು. ಹಾಳಾಗಲಿ, ನನಗೇನು. ನಾನು ರಾರು, ಹಿಟ್ಟು ಮೆತ್ತುವವನು. 'ನಿನ್ನ ಕಣ್ಣಲ್ಲಿ ಜೀವ ಇಲ್ಲ, ಚುಟ್ಟಿ ಕಲಿ ಹೋಗು' ಎಂದು ನಮ್ಮಿಬ್ಬರ ಗುರು ಕಾವುಣ್ಣಿ ಆಶಾನರು ಹದಿನೆಂಟನೇ ವಯಸ್ಸಿಗೇ ನನ್ನನ್ನು ವೇಷದ ಪಾಠದಿಂದ ಎಬ್ಬಿಸಿ ಕಳಿಸಿದ್ದಾರೆ. ಜೀವ ಇರುವ ಕಣ್ಣು ಶೂಲಪಾಣಿಯದು. ಅವನೇ ನೋಡಿಕೊಳ್ಳಲಿ.

ಕರ್ಕಟಕ ೭, ಗುರುವಾರ

ಆದರೂ ಅವನ ಮನೆಗೆ ಹೋದೆ. ಅವನು ಇರಲಿಲ್ಲ. ಅವನ ಹೆಂಡತಿ ದೇವಯಾನಿ ಚಹಾ ಕೊಟ್ಟಳು; ನನ್ನನ್ನು ಅವಳು ಏಟ್ಟಾ, ಅಣ್ಣ, ಎಂದೇ ಕರೆಯುವುದು. ಸುತ್ತುಬಳಸಿ ಕೇಳಿದೆ, "ರಾತ್ರಿ ಹೊತ್ತು ಏನಾದ್ರೂ ಗುಳಿಗೆ ಗಿಳಿಗೆ ತಗೋತಾನಾ?"

"ನಿಮ್ಮ ಗೆಳೆಯನಿಗೆ ಜ್ವರದ ಮಾತ್ರೆ ನುಂಗಿಸೋಕೂ ಬೆಲ್ಲ ಕೊಡ್ಬೇಕು ಏಟ್ಟಾ" ಅಂದಳು. "ಕುತ್ತಿಗೆ ನೋವು ಅಂತ ಎರಡು ವಾರದಿಂದ ಒದ್ದಾಡ್ತಿದಾರೆ. ಎಡಗಣ್ಣು ಯಾಕೋ ನಿದ್ದೆಗಣ್ಣಿನ ಹಾಗೆ ಇಳಿದಿದೆ ಅಂದ್ರೆ, ಅದು ಅಸುರನ ಗಾಂಭೀರ್ಯ ಕಣೇ ಅಂತಾರೆ."

ಬರುವಾಗ ದಾರಿಯಲ್ಲಿ ನನ್ನ ಸೋದರಮಾವ ನೆನಪಾದರು. ಅವರು ಅಫೀಮು ತಿನ್ನುತ್ತಿದ್ದರು. ಅವರ ಎರಡು ಕಣ್ಣಲ್ಲೂ ಪಾಪೆ ಸೂಜಿಮೊನೆಯಷ್ಟಿತ್ತು. ಹೊಟ್ಟೆಗೆ ಹೋದದ್ದು ಒಂದೇ ಕಣ್ಣನ್ನು ಹುಡುಕಿಕೊಂಡು ಹೋಗುವುದಿಲ್ಲ. ಹಾಗಾದರೆ ಇವನಿಗೆ ಒಂದರಲ್ಲೇ ಏಕೆ?

ಒಂದೇ ಕಣ್ಣಿಗೆ ಹೋಗುವಂಥದ್ದು ಚೌಕಿಯಲ್ಲಿ ಒಂದೇ ಇದೆ. ನನ್ನ ಬೀಜ.

ಕಣ್ಣು ಕೆಂಪಾಗಲೆಂದು ವೇಷಧಾರಿಗಳು ಕೆಳರೆಪ್ಪೆಯೊಳಗೆ ಇಡುವ ಚುಂಡೆ ಬೀಜವನ್ನು ಈ ಸುತ್ತಿನಲ್ಲೆಲ್ಲ ಮಾಡಿಕೊಡುವವನು ನಾನು. ಚುಂಡೆ ಹೂವಿನ ಬುಡದಲ್ಲಿರುವ ಹಸಿ ಕಾಳನ್ನು ಬಿಡಿಸಿ, ಕಪ್ಪಗೆ ನುಣ್ಣಗೆ ಆಗುವವರೆಗೆ ಅಂಗೈಯಲ್ಲಿ ತಿಕ್ಕುತ್ತೇನೆ. ಕಳೆದ ತಿಂಗಳು ಹೊಳೆದಂಡೆಯ ಹೊಸ ಗಿಡದಿಂದ ಕಿತ್ತಿದ್ದೆ. ಅದರಲ್ಲಿ ಒಂದನ್ನು ಅವನು ಎಡಗಣ್ಣಿಗೆ ಇಟ್ಟುಕೊಂಡು ಅಭ್ಯಾಸ ಮಾಡಿದ್ದ.

ರಾತ್ರಿ ಆ ಬೀಜದ ಡಬ್ಬಿ ತೆಗೆದು ಮುಂದಿಟ್ಟುಕೊಂಡು ಕೂತೆ.

ಕರ್ಕಟಕ ೯, ಶನಿವಾರ

ಬೆಳಗ್ಗೆ ಅದೇ ಡಬ್ಬಿಯ ಬೀಜವನ್ನು ನನ್ನ ಎಡಗಣ್ಣಿಗೆ ಇಟ್ಟುಕೊಂಡೆ. ಹತ್ತೇ ನಿಮಿಷಕ್ಕೆ ಕಣ್ಣು ದಾಸವಾಳವಾಯಿತು. ಗಡ್ಡ ಹೆರೆಯುವ ಕನ್ನಡಿಯ ತುಂಡಿನಲ್ಲಿ ಕಣ್ಣು ಪೂರ್ತಿ ಕಾಣಲಿಲ್ಲ, ಅಂಗಡಿಗೆ ಹೋಗಿ ದೊಡ್ಡ ಕನ್ನಡಿ ತಂದೆ. ಈ ಮನೆಗೆ ಇಷ್ಟು ದೊಡ್ಡ ಕನ್ನಡಿ ಬಂದದ್ದು ಇದೇ ಮೊದಲು. ಬಾಗಿಲು ಹಾಕಿ ನೋಡಿದೆ, ಕಿಟಕಿ ತೆರೆದು ನೋಡಿದೆ. ಪಾಪೆ ಕತ್ತಲಿಗೆ ಅರಳಿತು, ಬೆಳಕಿಗೆ ಮುದುಡಿತು. ಎಡ ಬಲ ಎರಡೂ ಒಂದೇ.

ಕರ್ಕಟಕ ೧೦, ಭಾನುವಾರ

ಇನ್ನೊಂದು ಬೀಜ, ಇನ್ನೊಂದು ಕಣ್ಣು. ಹಾಗೆಯೇ. ಬೀಜದ್ದಲ್ಲ.

ಕರ್ಕಟಕ ೧೩, ಬುಧವಾರ

ಕಾವುಣ್ಣಿ ಆಶಾನರ ಮನೆಗೆ ಹೋದರೆ ಶೂಲಪಾಣಿ ಅಲ್ಲೇ ಇದ್ದ. ಚಾಪೆಯ ಮೇಲೆ ಬೋರಲು ಮಲಗಿದ್ದ. ಆಶಾನರು ಎಂಬತ್ತನಾಲ್ಕನೇ ವಯಸ್ಸಿನಲ್ಲೂ ಕೈಗೆ ಎಣ್ಣೆ ಹಚ್ಚಿಕೊಂಡು ಅವನ ಕುತ್ತಿಗೆಯ ಎಡಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಎಳೆಯುತ್ತಿದ್ದರು. ಮಳೆಗಾಲದಲ್ಲಿ ಶಿಷ್ಯರ ಮೈ ಉಜ್ಜುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಹುಡುಗರಾಗಿದ್ದಾಗ ನಾವಿಬ್ಬರೂ ಒಂದೇ ಚಾಪೆಯ ಮೇಲೆ, ಅವರು ಕಾಲಿನಿಂದ ಮೈ ತುಳಿದು ಉಜ್ಜುವಾಗ ಅತ್ತಿದ್ದೇವೆ.

ಪಾಪೆಯ ವಿಷಯ ಹೇಳಿದೆ.

"ಬೀಜ ಸರಿ ಇಲ್ಲ" ಅಂದರು ಆಶಾನರು, ಕೈ ನಿಲ್ಲಿಸದೆ. "ತಿಕ್ಕೋದು ಕಡಿಮೆ ಆಗಿದೆ. ನಿನ್ನ ಕೈಗೆ ವಯಸ್ಸಾಯ್ತು."

"ನಾನೇ ಇಟ್ಟುಕೊಂಡು ನೋಡಿದೆ ಆಶಾನೇ. ಎರಡು ಕಣ್ಣಿಗೂ."

"ಅದಕ್ಕೇನಾ ನಿನ್ನ ಮುಖ ಸೋತ ಅಸುರನ ಹಾಗಿರೋದು!" ಎಂದು ಶೂಲಪಾಣಿ ಚಾಪೆಗೆ ಮುಖ ಒತ್ತಿ ನಕ್ಕ. "ಸುಮ್ನಿರೋ ರಾರೂ. ಕಿರೀಟದ ಭಾರಕ್ಕೆ ಕುತ್ತಿಗೆ ಹಿಡಿದಿದೆ ಅಷ್ಟೆ. ಆಮೇಲೆ ಒಂದು ತಮಾಷೆ ಕೇಳು. ಎಡಗಿವಿಯಲ್ಲಿ ದಿನವಿಡೀ ಮದ್ದಳೆ. ಧೂಮ್, ಧೂಮ್, ಧೂಮ್. ಮಲಗಿದ್ರೂ ತಾಳ ತಪ್ಪಲ್ಲ."

"ಅದು ನಾಡಿ ಬಡಿತದ ಹಾಗೆ ಕೇಳುತ್ತಾ?"

"ಹೌದು, ಅದೇ ತಾಳ. ನಿಂಗೆ ಹೇಗೆ ಗೊತ್ತು?"

ಗೊತ್ತಿರಲಿಲ್ಲ, ಬಾಯಿಗೆ ಬಂತು. ಆಶಾನರು ಮತ್ತೆ ಒತ್ತಿದರು. ಶೂಲಪಾಣಿ ಹಲ್ಲು ಕಚ್ಚಿ ಮುಲುಗಿದ. ನಿಲ್ಲಿಸಿ ಎನ್ನಬೇಕೆಂದುಕೊಂಡೆ. ಆಶಾನರ ಮುಂದೆ ನನ್ನ ನಾಲಿಗೆ ಇವತ್ತಿಗೂ ಹದಿನೆಂಟರದೇ. ಕೈ ಕಟ್ಟಿಕೊಂಡು ನಿಂತು, ಹಾಗೇ ಹೊರಟು ಬಂದೆ. ಬಸ್ಸಿನಲ್ಲಿ ನನ್ನ ಮೇಲೆಯೇ ಹೇಸಿಗೆಯಾಯಿತು.

ಕರ್ಕಟಕ ೧೫, ಶುಕ್ರವಾರ

ಹಳೇ ಫೋಟೋಗಳನ್ನೆಲ್ಲ ಹರಡಿಕೊಂಡು ಭೂತಗನ್ನಡಿ ಹಿಡಿದೆ. ಹೋದ ವರ್ಷ, ಅದರ ಹಿಂದಿನ ವರ್ಷ, ಇಪ್ಪತ್ತು ವರ್ಷದ ಹಿಂದೆ, ಅವನ ಪಾಪೆಗಳು ಎಲ್ಲ ಫೋಟೋದಲ್ಲೂ ಜೋಡಿ ಎತ್ತಿನಂತಿವೆ. ಮೊನ್ನೆ ತೆಗೆದ ನೋಟೀಸಿನ ಫೋಟೋದಲ್ಲಿ ಎಡ ರೆಪ್ಪೆ ಇಳಿದಿದೆ. ಅಂದರೆ ಇದು ಹೊಸದು.

ಫೋಟೋ ಚೀಲಕ್ಕೆ ಹಾಕಿಕೊಂಡು ಒತ್ತಪ್ಪಾಲಕ್ಕೆ ಹೋದೆ, ಕಣ್ಣಿನ ಡಾಕ್ಟರ್ ಸುಹರಾ ಅವರ ಹತ್ತಿರ. ಬೇರೆಯವರ ಕಣ್ಣಿನ ಬಗ್ಗೆ ಮಾತಾಡಲು ಟೋಕನ್ ಕೊಡುವುದಿಲ್ಲವೆಂದರು. ನನ್ನ ಹೆಸರಿಗೇ ತೆಗೆದುಕೊಂಡೆ. ಡಾಕ್ಟರು ಮೂವತ್ತೈದರ ಹೆಣ್ಣುಮಗಳು, ತಲೆಗೆ ನೀಲಿ ವಸ್ತ್ರ, ಮಾತು ಚುರುಕು. ನನ್ನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು.

"ಕೆಂಪಾಗಿದೆ ಅಷ್ಟೆ ಚೇಟ್ಟಾ. ಏನು ಹಾಕ್ಕೊಂಡ್ರಿ?"

ಬೀಜದ ಕಥೆ ಹೇಳಿದೆ. ಬೈದರು. ಹೇಳುವಷ್ಟು ಹೇಳಿಸಿಕೊಂಡು ಶೂಲಪಾಣಿಯ ಫೋಟೋ ಮುಂದಿಟ್ಟೆ.

"ಕತ್ತಲಲ್ಲಿ ವ್ಯತ್ಯಾಸ ಜಾಸ್ತಿನೋ, ಬೆಳಕಲ್ಲಿ ಜಾಸ್ತಿನೋ?"

"ಕತ್ತಲಲ್ಲಿ. ಬೆಳಕಲ್ಲಿ ಗೊತ್ತೇ ಆಗಲ್ಲ."

ಅವರು ನನ್ನನ್ನು ಈಗ ಸರಿಯಾಗಿ ನೋಡಿದರು. ಚೀಟಿಯ ಹಿಂದೆ ಒಂದು ಕಣ್ಣು ಬರೆದರು. "ಪಾಪೆ ಅನ್ನೋದು ಒಂದು ತೂತು. ಅದರ ಸುತ್ತ ಎರಡು ಥರದ ಸ್ನಾಯು ಇದೆ. ಒಂದು ಸಂಚಿಯ ದಾರದ ಹಾಗೆ ಸುತ್ತ ಬಿಗಿದು ಕುಗ್ಗಿಸುತ್ತೆ. ಬೆಳಕು ಬಿದ್ದಾಗ, ಹತ್ತಿರದ್ದು ನೋಡುವಾಗ, ನಿದ್ದೆಯಲ್ಲಿ ಅದರದೇ ಕೆಲಸ. ಅಫೀಮು, ಗದ್ದೆಗೆ ಹೊಡೆಯೋ ವಿಷ, ಇವೂ ಪಾಪೆ ಕುಗ್ಗಿಸುತ್ತವೆ, ಆದರೆ ಎರಡು ಕಣ್ಣಲ್ಲೂ. ಇನ್ನೊಂದು ಸ್ನಾಯು ಕೊಡೆಯ ಕಡ್ಡಿಗಳ ಹಾಗೆ ಹೊರಕ್ಕೆ ಎಳೆದು ಅರಳಿಸುತ್ತೆ. ನಿಮ್ಮ ಸ್ನೇಹಿತರಿಗೆ ಕುಗ್ಗಿಸೋದು ಚೆನ್ನಾಗಿದೆ. ಅರಳಿಸೋದು ಕೆಲಸ ಮಾಡ್ತಿಲ್ಲ."

"ಹಾಗಾದ್ರೆ ಕಣ್ಣಿಗೆ ಏನು ಔಷಧ?"

"ಕೆಟ್ಟಿರೋದು ಕಣ್ಣಲ್ಲ" ಅಂದರು. ಪೆನ್ನು ಮಿದುಳಿನಿಂದ ಹೊರಟು, ಬೆನ್ನಹುರಿಯಲ್ಲಿ ಇಳಿದು, ಎದೆಯ ತುದಿ ಮುಟ್ಟಿ, ಮತ್ತೆ ಕುತ್ತಿಗೆಯಲ್ಲಿ ಮೇಲೆ ಹತ್ತಿ ಕಣ್ಣಿಗೆ ಬಂತು. "ಅರಳಿಸೋ ನರ ಇಷ್ಟು ದೂರ ಸುತ್ತಿ ಬರುತ್ತೆ. ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯೋ ದೊಡ್ಡ ರಕ್ತನಾಳಕ್ಕೆ ಬಳ್ಳಿಯ ಹಾಗೆ ಸುತ್ತಿಕೊಂಡೇ ಹತ್ತುತ್ತೆ. ರೆಪ್ಪೆ ಎತ್ತಿ ಹಿಡಿಯೋ ಒಂದೆಳೆ, ಹಣೆ ಬೆವರಿಸೋ ಒಂದೆಳೆ, ಅದರ ಜೊತೆಗೇ."

ನಾನು ಒಣಗಿದ ಹುಬ್ಬಿನ ಕಥೆ ಹೇಳಿದೆ. ಕುತ್ತಿಗೆ ನೋವು ಹೇಳಿದೆ. ಕಿವಿಯ ಮದ್ದಳೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು.

"ರಕ್ತನಾಳದ ಒಳಪದರ ಹರಿದಿರಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಒಂದು ಚೂರು ಮೇಲಕ್ಕೆ ಹೋದರೆ ಲಕ್ವ, ಇಲ್ಲವೇ ಜೀವಕ್ಕೇ ಅಪಾಯ. ನಾಳೆಯೇ ಕರ್ಕೊಂಡು ಬನ್ನಿ. ಅಲ್ಲಿವರೆಗೆ ಆ ಕುತ್ತಿಗೆ ಯಾರೂ ಮುಟ್ಟಬಾರದು. ತಿರುಚೋದು, ಒತ್ತೋದು, ಏನೂ."

"ದಿನಾ ಉಜ್ಜಿಸ್ಕೋತಿದಾನೆ" ಅಂದೆ.

"ನಿಲ್ಲಿಸಿ" ಅಂದರು. "ನೀವು ಬೇಗ ನೋಡಿದ್ದು ಒಳ್ಳೇದಾಯ್ತು. ಮನೆಯವರಿಗೂ ಇಷ್ಟು ಕಾಣಲ್ಲ."

ಕರ್ಕಟಕ ೧೬, ಶನಿವಾರ

ಆರೂವರೆಯ ಮೊದಲ ಬಸ್ಸಿಗೇ ಹೊರಟೆ. ಆಶಾನರ ಮನೆಯ ಜಗಲಿಯಲ್ಲಿ ಚಾಪೆ ಹಾಸಿತ್ತು, ಎಣ್ಣೆಯ ಬಟ್ಟಲು ಬಿಸಿಯಾಗಿತ್ತು, ಶೂಲಪಾಣಿ ಅಂಗಿ ಬಿಚ್ಚುತ್ತಿದ್ದ.

"ಆಶಾನೇ, ಇವತ್ತು ಬೇಡ" ಅಂದೆ. "ನಾಳೆಯೂ ಬೇಡ. ಅವನ ಕುತ್ತಿಗೆಯೊಳಗೆ ರಕ್ತನಾಳ ಹರಿದಿರಬಹುದಂತೆ."

"ಯಾರಂತೆ?"

"ಕಣ್ಣಿನ ಡಾಕ್ಟರು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. "ಕಣ್ಣಿನ ಡಾಕ್ಟರಿಗೆ ಕುತ್ತಿಗೆ ತೋರಿಸು, ಹಲ್ಲಿನ ಡಾಕ್ಟರಿಗೆ ಮಂಡಿ ತೋರಿಸು" ಎಂದು ಶೂಲಪಾಣಿ ಮಲಗಿಯೇಬಿಟ್ಟ. ಆಶಾನರು ಬಟ್ಟಲಿಗೆ ಕೈ ಚಾಚಿದರು.

ಆಮೇಲೆ ಏನಾಯಿತೋ ನನಗೇ ಸರಿಯಾಗಿ ಗೊತ್ತಿಲ್ಲ. ಬಟ್ಟಲು ನನ್ನ ಕೈಯಲ್ಲಿತ್ತು. ಎಣ್ಣೆಯಷ್ಟೂ ಅಂಗಳದ ನೀರಿನಲ್ಲಿ ತೇಲುತ್ತಿತ್ತು. ನಾನು ಚಾಪೆಯ ಮೇಲೆ ಶೂಲಪಾಣಿಯ ಪಕ್ಕ ಕೂತು ಅವನ ಕುತ್ತಿಗೆಗೆ ಅಡ್ಡವಾಗಿ ಕೈ ಇಟ್ಟಿದ್ದೆ. "ಒತ್ತೋದಿದ್ರೆ ನನ್ನ ಕೈ ಮೇಲೆ ಒತ್ತಿ" ಎಂದು ಕೂಗಿದೆನಂತೆ. ಆಮೇಲೆ ಅವನೇ ಹೇಳಿದ್ದು.

ಆಶಾನರು ಅಂಗಳಕ್ಕೆ ಬಗ್ಗಿ ನೋಡಿದರು. "ನನ್ನ ಎಣ್ಣೆ ಚೆಲ್ಲಿದೆ ನೀನು" ಅಂದರು.

"ಹೌದು ಆಶಾನೇ."

"ಮೂರು ದಿನ ಕಾಯಿಸಿದ ಎಣ್ಣೆ."

"ಹೌದು ಆಶಾನೇ."

ಒಳಗೆ ಎದ್ದು ಹೋದರು. ಶೂಲಪಾಣಿ ಅಂಗಿ ಹಾಕಿಕೊಂಡ. "ನಡಿ, ನಿನ್ನ ಡಾಕ್ಟರಮ್ಮನ್ನ ನೋಡಿ ಬರೋಣ. ಅವಳು 'ಏನಿಲ್ಲ' ಅಂದ ಮೇಲೆ ನೀನು ಈ ಬಾಗಿಲಿಗೆ ಬಂದು ಅಡ್ಡ ಬಿದ್ದು ಕ್ಷಮೆ ಕೇಳ್ಬೇಕು" ಅಂದ. ಆಯಿತು ಅಂದೆ. ಒತ್ತಪ್ಪಾಲದ ಬಸ್ಸು ಹತ್ತಿದೆವು.

ಡಾಕ್ಟರ್ ಸುಹರಾ ಕೋಣೆಯ ದೀಪ ಆರಿಸಿ ನೋಡಿದರು, ಹಚ್ಚಿ ನೋಡಿದರು. ಆಮೇಲೆ ಎರಡು ಕಣ್ಣಿಗೂ ಒಂದೊಂದು ಹನಿ ಹಾಕಿ ಮುಕ್ಕಾಲು ಗಂಟೆ ಕೂರಿಸಿದರು. ಮತ್ತೆ ನೋಡಿದಾಗ ನನ್ನ ಬಾಯಿ ತೆರೆದುಕೊಂಡಿತು. ಎಡ ರೆಪ್ಪೆ ಮೇಲೆದ್ದಿತ್ತು. ಸಾಸಿವೆ ಕಾಳು ಬಲಗಣ್ಣಿನ ಪಾಪೆಗಿಂತಲೂ ದೊಡ್ಡದಾಗಿತ್ತು!

ಶೂಲಪಾಣಿ ಕನ್ನಡಿ ನೋಡಿಕೊಂಡು ಹಿಗ್ಗಿದ. "ಆಯ್ತಲ್ಲ! ಈ ಹನಿ ಒಂದು ಬಾಟಲಿ ಬರೆದುಕೊಡಿ ಡಾಕ್ಟರೇ."

"ವಾಸಿಯಾಗಿಲ್ಲ ಚೇಟ್ಟಾ. ಇದು ಪರೀಕ್ಷೆ" ಅಂದರು. "ನರದಿಂದ ಸುದ್ದಿ ಬಾರದೆ ಆ ಸ್ನಾಯು ಹಸಿದು ಕೂತಿದೆ. ಅದಕ್ಕೇ ಒಂದು ಹನಿಗೇ ಹೀಗೆ ಹಾರಿತು. ನರ ಕೆಟ್ಟಿದೆ ಅನ್ನೋದಕ್ಕೆ ಇದೇ ಸಾಕ್ಷಿ. ನಾಲ್ಕು ಗಂಟೆ ಬಿಟ್ಟು ಮತ್ತೆ ಹಾಗೇ ಆಗುತ್ತೆ. ಈಗಲೇ ತ್ರಿಶ್ಶೂರಿಗೆ ಹೋಗಿ. ನಾನು ಫೋನ್ ಮಾಡ್ತೀನಿ."

ಅವನು ಕನ್ನಡಿ ಕೆಳಗಿಡಲೇ ಇಲ್ಲ.

ಕರ್ಕಟಕ ೧೯, ಮಂಗಳವಾರ, ತ್ರಿಶ್ಶೂರು ಆಸ್ಪತ್ರೆ

ಸ್ಕ್ಯಾನಿನಲ್ಲಿ ಕಂಡಿತು. ಎಡಗಡೆಯ ರಕ್ತನಾಳದ ಒಳಪದರ ಎರಡು ಅಂಗುಲ ಹರಿದಿದೆ, ಗೋಡೆಯೊಳಗೆ ರಕ್ತ ಇಳಿದು ಊದಿ ನರವನ್ನು ಅದುಮಿದೆ. ರಕ್ತ ತೆಳ್ಳಗಿಡಲು ಔಷಧ. ಆರು ತಿಂಗಳು ಕಿರೀಟ ಇಲ್ಲ, ಕುಣಿತ ಇಲ್ಲ, ಕುತ್ತಿಗೆ ಕೊಂಕಿಸುವಂತಿಲ್ಲ.

ಹರಿದದ್ದು ಕಿರೀಟ ಬಿಗಿದಾಗಲೋ, ಉಜ್ಜಿದಾಗಲೋ, ಸುಮ್ಮನೆ ಕೆಮ್ಮಿದಾಗಲೋ ಹೇಳಲಾಗದು ಅಂದರು.

ಶೂಲಪಾಣಿ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ದೇವಯಾನಿ ಗಂಜಿ ಹಿಡಿದು ಕೂತಿದ್ದಾಳೆ. ನಾನು ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ನಾನು ಹೇಳಿದ್ದೇ ನಿಜವಾಯಿತಲ್ಲ ಎಂದು ಒಂದು ಚೂರೂ ಸಂತೋಷವಿಲ್ಲ.

ಕರ್ಕಟಕ ೨೭, ಬುಧವಾರ

ಶೂಲಪಾಣಿ ಆಸ್ಪತ್ರೆಯಿಂದ ಮನೆಗೆ ಬಂದು ಐದು ದಿನ ಆಗಿಲ್ಲ. ದೇವಯಾನಿ ಇವತ್ತು ಸೆರಗಿನಲ್ಲಿ ಕಟ್ಟಿಕೊಂಡು ಒಂದು ಸಣ್ಣ ಬಾಟಲಿ ತಂದಳು. ಆ ಹನಿ. ಯಾರ ಕೈಯಲ್ಲೋ ಪೇಟೆಯಿಂದ ತರಿಸಿದ್ದಾನೆ. "ದಿಂಬಿನ ಕೆಳಗಿತ್ತು ಏಟ್ಟಾ. ಓಣಕ್ಕೆ ವೇಷ ಹಾಕ್ತಾರಂತೆ. ನನ್ನ ಮಾತು ಕೇಳಲ್ಲ" ಎಂದು ಅತ್ತಳು.

ಬಾಟಲಿ ಹಿಡಿದೇ ಹೋದೆ. ಮುಚ್ಚುಮರೆ ಮಾಡಲಿಲ್ಲ ಅವನು.

"ಒಂದು ಸಂಜೆ ಕಣೋ. ಮೂರು ಗಂಟೆ. ಹನಿ ನಾಲ್ಕು ಗಂಟೆ ಇರುತ್ತೆ, ನೀನೇ ಕೇಳಿದ್ಯಲ್ಲ."

"ಹನಿ ರೆಪ್ಪೆ ಎತ್ತುತ್ತೆ. ಕುತ್ತಿಗೆ ಹೊಲಿಯಲ್ಲ."

"ನಲವತ್ತು ವರ್ಷ ನಾನು ಬೇರೆಯವರ ಅಸುರನ ಕೈಯಲ್ಲಿ ಸತ್ತಿದೀನಿ. ಒಂದ್ಸಲ ನಾನೇ ಅಸುರ ಆಗ್ತೀನಿ, ಆಮೇಲೆ ಬೇಕಾದ್ರೆ ನಿಜವಾಗ್ಲೂ ಸಾಯ್ತೀನಿ."

"ಸಾಯೋದು ಸುಲಭ. ಅರ್ಧ ಮೈ ಬಿದ್ದು, ದೇವಯಾನಿ ಚಮಚದಲ್ಲಿ ತಿನ್ನಿಸೋ ಹಾಗಾದ್ರೆ?"

ಅವನು ಬಾಟಲಿಗೆ ಕೈ ಚಾಚಿದ.

"ನಾನು ಚುಟ್ಟಿ ಇಡಲ್ಲ" ಅಂದೆ.

ಹಾಗೆ ಅಂದದ್ದು ಕೇಳಿ ನನಗೇ ಹೆದರಿಕೆಯಾಯಿತು. ಮಲಗಿದವನಿಗೆ ಚುಟ್ಟಿ ಇಡುವುದಿಲ್ಲ ಎಂದು ನಮ್ಮ ಕೆಲಸದವರು ಯಾರೂ ಅಂದದ್ದಿಲ್ಲ. ಸಾಲವಿದ್ದರೂ ಜಗಳವಿದ್ದರೂ ಇಡುತ್ತೇವೆ. ನನ್ನ ತಮ್ಮ ಸತ್ತ ದಿನವೂ ಇಟ್ಟಿದ್ದೇನೆ.

"ನೀನಿಲ್ಲದಿದ್ರೆ ಇನ್ನೊಬ್ಬ."

"ಈ ಸುತ್ತಿನಲ್ಲಿ ಇನ್ನೊಬ್ಬ ಅಂದ್ರೆ ಮೂರೇ ಜನ. ಮೂವರ ಮನೆಗೂ ಇವತ್ತೇ ಹೋಗ್ತೀನಿ" ಅಂದೆ. ಹೋದೆ. ಒಬ್ಬ ಚೆರುತುರುತ್ತಿಯಲ್ಲಿ, ಒಬ್ಬ ಹೊಳೆಯಾಚೆ, ಒಬ್ಬ ಮಗಳ ಮನೆಯಲ್ಲಿ. ಮೂವರಿಗೂ ಡಾಕ್ಟರು ಬರೆದ ಕಣ್ಣಿನ ಚೀಟಿ ತೋರಿಸಿ, ದಾರ ಮತ್ತು ಕೊಡೆಯ ಕಡ್ಡಿ ಎಲ್ಲ ವಿವರಿಸಿದೆ. ಮೂವರೂ ಒಪ್ಪಿದರು. ಕತ್ತಿ ವೇಷವನ್ನು ಚುಟ್ಟಿಯಿಲ್ಲದೆ ಕಟ್ಟಲಾಗದು. ಕಾಲು ನೋಯುತ್ತಿದೆ. ನೋಯಲಿ.

ಚಿಂಗಂ ೨, ಮಂಗಳವಾರ

ಶೂಲಪಾಣಿ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಇವತ್ತು ಆಟೋದಲ್ಲಿ ಕಾವುಣ್ಣಿ ಆಶಾನರು ಬಂದಿಳಿದರು. ಈ ಮನೆಗೆ ಅವರು ಕಾಲಿಟ್ಟದ್ದು ಇದೇ ಮೊದಲು. ನಾನು ಕನ್ನಡಿಯ ಮುಂದೆ ಕೂತಿದ್ದೆ. ಇಳಿದ ರೆಪ್ಪೆಗೆ ಕಾಡಿಗೆಯನ್ನು ಎಷ್ಟು ಮೇಲೆ ಎಳೆದರೆ ಕಣ್ಣು ಸಮ ಕಾಣುತ್ತದೆ ಎಂದು ನನ್ನ ಮುಖದ ಮೇಲೇ ನೋಡುತ್ತಿದ್ದೆ. ಕಣ್ಣು ಅತ್ತಿತ್ತ ಹೊರಳಿಸಿದಾಗಲೂ ಗೆರೆ ನಿಲ್ಲಬೇಕಲ್ಲ, ಅದಕ್ಕೆ ದಿನಾ ಬೆಳಗ್ಗೆ ಒಂದು ಗಂಟೆ ಹೊರಳಿಸುತ್ತೇನೆ. ಕಾಡಿಗೆ ಒರೆಸಿಕೊಳ್ಳುವಷ್ಟೂ ಹೊತ್ತು ಸಿಗಲಿಲ್ಲ.

"ಅವನಿಗೆ ಚುಟ್ಟಿ ಇಡು ಅಂತ ನಿಂಗೆ ಹೇಳ್ಬೇಕಂತೆ ನಾನು" ಅಂದರು ಕೂತು. "ಅಳ್ತಾನೆ ಮಗುವಿನ ಹಾಗೆ."

"ಇಡಲ್ಲ ಆಶಾನೇ."

"ನಾನು ಹೇಳಿದ್ರೂ?"

"ನೀವು ಹೇಳಿದ್ರೂ."

ಕೋಲಿನ ಮೇಲೆ ಗಲ್ಲ ಊರಿ ಕೂತರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ನನ್ನ ಕೈಯಿಂದಲೇ ಆಯ್ತಾ ಅದು?"

"ಯಾರಿಂದ ಅಂತ ಹೇಳೋಕಾಗಲ್ಲ ಅಂದ್ರು. ಕಿರೀಟ ಇರಬಹುದು."

"ನಿಜ ಹೇಳು."

"ನಿಜ ಇಷ್ಟೇ ಗೊತ್ತಿರೋದು ಆಶಾನೇ."

ನೀರು ಕೊಟ್ಟೆ. ಕುಡಿದರು. "ನಾನು ಅವನಿಗೆ ಹೇಳ್ತೀನಿ. ವೇಷ ಬೇರೆಯವರಿಗೆ ಹೋಗಲಿ" ಅಂದರು. ಹೊರಡುವಾಗ ನನ್ನ ಮುಖ ದಿಟ್ಟಿಸಿ, "ಕಾಡಿಗೆ ಚೆನ್ನಾಗಿದೆ. ವೇಷ ಕಲಿಬೇಕಿತ್ತು ನೀನು. ಯಾಕೆ ಬಿಟ್ಟೆ?" ಅಂದರು.

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. "ನೀವೇ ಕಳಿಸಿದ್ದಲ್ಲವಾ? ಕಣ್ಣಲ್ಲಿ ಜೀವ ಇಲ್ಲ ಅಂತ."

"ನಾನಾ?" ಅಂದರು. ನಿಜವಾಗಿಯೂ ನೆನಪಿರಲಿಲ್ಲ. "ಎಷ್ಟು ಜನಕ್ಕೆ ಹಂಗಂದಿದೀನೋ. ಬೆಳಗ್ಗೆ ಬೆಳಗ್ಗೆ ಸಿಟ್ಟಿರ್ತಿತ್ತು."

ಆಟೋ ಹೋದ ಮೇಲೆ ಒಬ್ಬನೇ ಕೂತು ಜೋರಾಗಿ ನಕ್ಕೆ. ಪಕ್ಕದ ಮನೆಯವರು ಇಣುಕಿ ನೋಡಿದರು. ಸಂಜೆ ಕಾಡಿಗೆಯ ಗೆರೆಯನ್ನು ಅರ್ಧ ಕೂದಲೆಳೆ ಮೇಲಕ್ಕೆ ಸರಿಸಿದೆ. ಈಗ ಸರಿ ಕಾಣುತ್ತದೆ.

ಚಿಂಗಂ ೧೪, ಭಾನುವಾರ

ಓಣದ ಆಟ ಮುಗಿಯಿತು. ಅಸುರನ ವೇಷ ತ್ರಿಪ್ಪೂಣಿತ್ತುರದಿಂದ ಬಂದ ಇನ್ನೊಬ್ಬರದು. ಚುಟ್ಟಿ ನಾನೇ ಇಟ್ಟೆ. ಶೂಲಪಾಣಿ ಮೊದಲ ಸಾಲಿನಲ್ಲಿ ಕೂತಿದ್ದ, ಕುತ್ತಿಗೆಗೆ ಪಟ್ಟಿ. ಕತ್ತಿ ವೇಷ ತೆರೆಯ ಮೇಲಿಂದ ಮುಖ ತೋರಿಸಿದಾಗ ಎದ್ದು ಹೊರಟುಹೋದ.

ಹಿಂದೆ ಹೋಗಲೆಂದು ಎದ್ದು, ಹೋಗಲಿಲ್ಲ. ಏನು ಹೇಳುವುದಿತ್ತು?

ತುಲಾ ೫

ಮಾರುಕಟ್ಟೆಯಲ್ಲಿ ಸಿಕ್ಕ. ನೆಟ್ಟಗೆ ನಿಂತ ಮುಖ, ಕೂಡಲೇ ಗುರುತು ಹತ್ತಿತು. "ಕಿವಿಯಲ್ಲಿ ಮದ್ದಳೆ ನಿಂತಿದೆ" ಅಂದ. ಅಷ್ಟೇ ಅಂದು ಮುಂದೆ ಹೋದ. ಮನೆಗೆ ಬಂದು ಪಾಯಸ ಮಾಡಿಕೊಂಡು ಕುಡಿದೆ.

ಮಕರ ೨೨, ಶುಕ್ರವಾರ

ನಿನ್ನೆ ಸಂಜೆ ಕ್ಲಬ್ಬಿನಲ್ಲಿ ಆಟ. ಮೊದಲು ಆಟದ ಸಂಗತಿ ಬರೆದುಬಿಡುತ್ತೇನೆ.

ಮೊನ್ನೆಯ ಸ್ಕ್ಯಾನಿನಲ್ಲಿ ರಕ್ತನಾಳ ಕೂಡಿಕೊಂಡಿದೆ. ಪಾಪೆ ಮಾತ್ರ ಇನ್ನು ಹೀಗೇ ಇದ್ದರೂ ಇರಬಹುದು ಅಂದಿದ್ದಾರೆ ಡಾಕ್ಟರ್ ಸುಹರಾ. ಭಾರದ ಕಿರೀಟ ಎಂದೆಂದಿಗೂ ಬೇಡ. ಹಾಗಾಗಿ ಶೂಲಪಾಣಿಗೆ ಸುದ್ದಿ ತರುವ ಬಡ ಬ್ರಾಹ್ಮಣನ ವೇಷ. ಕಿರೀಟವಿಲ್ಲ, ಹೆಗಲಿಗೆ ಒಂದು ವಸ್ತ್ರ, ಕೈಯಲ್ಲಿ ಓಲೆಗರಿಯ ಕೊಡೆ, ಇಪ್ಪತ್ತು ನಿಮಿಷದ ಕೆಲಸ. ದೊಡ್ಡ ದೀಪದ ಎದುರು ಅವನು ನಿಂತಾಗ ಎರಡು ಪಾಪೆಯೂ ಬೆಳಕಿಗೆ ಕುಗ್ಗಿ ಸಮ ಆದವು, ರೆಪ್ಪೆಯನ್ನು ಕಾಡಿಗೆ ಎತ್ತಿ ಹಿಡಿಯಿತು. ರಾಣಿಯ ಮುಂದೆ ಒಂದು ಕೆಟ್ಟ ಸುದ್ದಿಯನ್ನು ಹೇಳಲೋ ಬೇಡವೋ ಎಂದು ಅವನು ಬರೀ ಕಣ್ಣಿನಲ್ಲೇ ತಡವರಿಸಿದ್ದಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಮೂಗೆಳೆದರು. ತೆರೆಯ ಪಕ್ಕದಲ್ಲಿ ಕೂತಿದ್ದ ಆಶಾನರು ಆಮೇಲೆ ನನ್ನನ್ನು ಕರೆದು, "ಅವನ ಜೊತೆ ನಿನ್ನ ಕಣ್ಣೂ ಕುಣೀತಿತ್ತಲ್ಲೋ. ಯಾರ ಹತ್ರ ಕಲ್ತೆ?" ಅಂದರು. ನಿಮ್ಮ ಹತ್ತಿರವೇ ಅಂದೆ. ನಂಬಲಿಲ್ಲ.

ಇನ್ನು ಚೌಕಿಯಲ್ಲಿ ಆದದ್ದು. ಬ್ರಾಹ್ಮಣನ ವೇಷಕ್ಕೆ ಚುಟ್ಟಿ ಬೇಡ. ಮುಖಕ್ಕೆ ಹಳದಿ ಬಣ್ಣ ಬಳಿದುಕೊಂಡು ಹೋದರೆ ಆಯಿತು, ವೇಷಧಾರಿಯೇ ಕನ್ನಡಿ ನೋಡಿ ಮಾಡಿಕೊಳ್ಳುತ್ತಾನೆ. ನಾನು ಬೇರೆಯವರಿಗೆ ಹಿಟ್ಟು ಕಲಸುತ್ತಿದ್ದೆ. ಶೂಲಪಾಣಿ ಬಂದ. ಆರು ತಿಂಗಳ ಮೇಲೆ ಚೌಕಿಗೆ ಬಂದವನು ಕನ್ನಡಿಯ ಕಡೆ ತಿರುಗಲಿಲ್ಲ. ನೆಟ್ಟಗೆ ನನ್ನ ಚಾಪೆಗೆ ಬಂದು, ಕುತ್ತಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಅಂಗಾತ ಮಲಗಿದ, ತಲೆ ನನ್ನ ಮಂಡಿಗೆ ತಾಗುವ ಹಾಗೆ.

"ಇದಕ್ಕೆ ಚುಟ್ಟಿ ಬೇಡವೋ" ಅಂದೆ.

"ಗೊತ್ತು. ದೀಪ ಆರಿಸು" ಅಂದ. "ಮೊದಲು ನೋಡು."

ಎದ್ದು ಸ್ವಿಚ್ ಆರಿಸಿದೆ. ಚೌಕಿಯವರೆಲ್ಲ ಗೊಣಗಿದರು. ಸಣ್ಣ ದೀಪವನ್ನು ದೂರದಲ್ಲಿಟ್ಟು ಬಗ್ಗಿದೆ. ಅವನು ಕಣ್ಣು ಅಗಲಿಸಿ ಕಾದ. ಬಲಗಡೆಯದು ಅರಳಿತು. ಎಡಗಡೆಯದು ಸಾಸಿವೆ ಕಾಳು, ಅಲ್ಲೇ ಇತ್ತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂದು ಒಣಗಿದ್ದ ಎಡ ಹುಬ್ಬಿನ ಮೇಲೆ ಮಾತ್ರ ಒಂದೇ ಒಂದು ಹನಿ ಬೆವರು ಕಂಡಿತು. ಬೆರಳು ಹಚ್ಚಿ ನೋಡಿದೆ, ಬೆವರೇ.

"ಹಾಗೇ ಇದೆ" ಅಂದೆ.

"ಹಾಗೇ ಇದ್ರೆ ಸಾಕು" ಎಂದು ಅವನು ಕಣ್ಣು ಮುಚ್ಚಿದ. ನಾನು ಕಾಡಿಗೆಯ ಕಡ್ಡಿ ತೆಗೆದುಕೊಂಡೆ.